ಪಠಾಣ ರುಸ್ತುಂನಿಂದ ‘ರೈತು ಬಿಡ್ಡ’ದವರೆಗೆ: ಬಳ್ಳಾರಿ ರಾಘವರ ಬಣ್ಣದ ಬದುಕು

ಬಳ್ಳಾರಿ: ಬಿಸಿಲು, ಬಂಡೆಗಲ್ಲಿನ ಕೋಟೆ ಗುಡ್ಡ ಮತ್ತು ಅದಿರಿನ ಧೂಳು. ರಾಜ್ಯದ ಉಳಿದ ಭಾಗದ ಜನರಿಗೆ ಬಳ್ಳಾರಿ ಎಂದೊಡನೆ ನೆನಪಾಗುವುದು ಈ ಮೂರೇ. ಆದರೆ ಒಂದು ಕಾಲದಲ್ಲಿ ಮದರಾಸಿನಿಂದ ಬೆಂಗಳೂರಿನವರೆಗೆ ಈ ಊರಿನ ಹೆಸರು ಕೇಳಿದವರ ಕಣ್ಣಿಗೆ ಕಟ್ಟುತ್ತಿದ್ದುದು ಒಬ್ಬ ನಟನ ಮುಖ. ಹಗಲು ನ್ಯಾಯಾಲಯದಲ್ಲಿ ಕರಿಕೋಟು ತೊಟ್ಟು ವಾದಿಸುತ್ತಿದ್ದ, ಇರುಳು ರಂಗದ ಮೇಲೆ ಪಠಾಣನಾಗಿ, ಹಿರಣ್ಯಕಶಿಪುವಾಗಿ, ಕಬೀರನಾಗಿ ನಿಲ್ಲುತ್ತಿದ್ದ ತಾಡಿಪತ್ರಿ ರಾಘವಾಚಾರ್ಯರು ತಮ್ಮ ಹೆಸರಿನ ಹಿಂದೆ ಊರಿನ ಹೆಸರನ್ನು ಹೊತ್ತು ‘ಬಳ್ಳಾರಿ ರಾಘವ’ ಎಂದೇ ಪ್ರಸಿದ್ಧರಾದರು.

ಅವರು ತೀರಿಕೊಂಡದ್ದು 1946ರ ಏಪ್ರಿಲ್ 16ರಂದು. ಅವರ ಅಭಿನಯವನ್ನು ಕಣ್ಣಾರೆ ಕಂಡ ತಲೆಮಾರು ಇಂದು ನಮ್ಮೊಡನಿಲ್ಲ. ನಗರದ ರಾಘವ ಕಲಾಮಂದಿರದಲ್ಲಿ ನಾಟಕ ನೋಡಿ ಮನೆಗೆ ಮರಳುವ ಅನೇಕರಿಗೆ ಈ ರಾಘವ ಯಾರು, ಆತ ಮಾಡಿದ್ದೇನು ಎಂಬುದು ತಿಳಿದಿರಲಾರದು. ನಾಟಕದಲ್ಲಿ ಕರತಾಡನ ಗಿಟ್ಟಿಸುವ ಸುಲಭದ ದಾರಿಗಳೆಲ್ಲವನ್ನೂ ಬಿಟ್ಟುಕೊಟ್ಟು, ಅಭಿನಯದ ಸತ್ಯವೊಂದನ್ನೇ ನಂಬಿ ನಡೆದ ಕಲಾವಿದನ ಕಥೆಯಿದು.

ನಾಟಕದ ಮನೆ

ರಾಘವರು ಹುಟ್ಟಿದ್ದು 1880ರ ಆಗಸ್ಟ್ 2ರಂದು, ಇಂದಿನ ಆಂಧ್ರಪ್ರದೇಶದ ಅನಂತಪುರ ಸೀಮೆಯ ತಾಡಿಪತ್ರಿಯಲ್ಲಿ. ಆಗ ಅನಂತಪುರವೂ ಬಳ್ಳಾರಿಯೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಕಾರಣ ಈ ಸೀಮೆಗೆ ದತ್ತ ಮಂಡಲ ಎಂಬ ಹೆಸರು ಬಂದಿತ್ತು. ಕನ್ನಡ, ತೆಲುಗು ಎರಡೂ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ನಾಡದು. ಅಂಗಡಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಇಂಗ್ಲಿಷ್ ಎಂಬಂತೆ ಬದುಕುವುದು ಇಲ್ಲಿನವರಿಗೆ ಸಹಜವಾಗಿತ್ತು.

ರಾಘವರ ಸೋದರಮಾವ ಧರ್ಮಾವರಂ ರಾಮಕೃಷ್ಣಾಚಾರ್ಯರು (1853–1912) ಬಳ್ಳಾರಿಯ ವಕೀಲರು. ಆಂಧ್ರ ನಾಟಕ ಪಿತಾಮಹರೆಂದು ಮನ್ನಣೆ ಪಡೆದವರು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಅವರು ಬಳ್ಳಾರಿಯಲ್ಲಿ ಸರಸ ವಿನೋದಿನೀ ಸಭೆಯನ್ನು ಕಟ್ಟಿ, ತಾವೇ ನಾಟಕ ಬರೆದು, ತಾವೇ ವೇಷ ಕಟ್ಟಿದರು. ಅದೇ ಊರಿನಲ್ಲಿ ಇನ್ನೊಬ್ಬ ವಕೀಲರು ಕೋಲಾಚಲಂ ಶ್ರೀನಿವಾಸರಾಯರು (1854–1919). ಹಂಪಿಯ ಪಕ್ಕದ ಕಮಲಾಪುರದಲ್ಲಿ ಹುಟ್ಟಿದ ಅವರು ಐತಿಹಾಸಿಕ ನಾಟಕಗಳಿಗೆ ಹೆಸರಾದವರು. ಸುಮನೋರಮಾ ಸಭೆಯ ಸ್ಥಾಪಕರು. ಒಂದೇ ಊರು, ಎರಡು ನಾಟಕ ಸಭೆಗಳು, ಎರಡಕ್ಕೂ ವಕೀಲರೇ ಯಜಮಾನರು. ಇಂಥ ಪೈಪೋಟಿಯ ವಾತಾವರಣದಲ್ಲಿ ಬಾಲಕ ರಾಘವ ಬೆಳೆದರು.

ಬಳ್ಳಾರಿಯ ಸುತ್ತಲಿನ ಹಳ್ಳಿಗಳಲ್ಲೂ ವೇಷ ಮತ್ತು ತಾಳ ಹೊಸದಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ಬಯಲಾಟ ಆಡುವ ಸಂಪ್ರದಾಯ ಈ ಸೀಮೆಯದು. ಸಿರುಗುಪ್ಪ, ಕುರುಗೋಡು ಕಡೆಯ ಊರುಗಳಿಗೂ ಅದು ಪರಿಚಿತ. ಕಿರೀಟ, ಭುಜಕೀರ್ತಿ, ಏರುದನಿಯ ಮಾತು, ಕಥೆಗಿಂತ ಒಂದು ಹೆಜ್ಜೆ ಮುಂದೆ ನಿಲ್ಲುವ ಹಾಡು ಬಯಲಾಟದ ಲಕ್ಷಣ. ನಗರದ ಸಭೆಗಳ ನಾಟಕಗಳೂ ಈ ಗುಣದಿಂದ ಪೂರ್ಣ ಹೊರತಾಗಿರಲಿಲ್ಲ. ರಾಘವರ ಮುಂದಿನ ಸಾಧನೆಯನ್ನು ಅಳೆಯಬೇಕಾದರೆ ಈ ಹಿನ್ನೆಲೆಯನ್ನು ಮರೆಯಬಾರದು.

ಕರಿಕೋಟು ಮತ್ತು ಬಣ್ಣ

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದ ರಾಘವರು ಅಲ್ಲಿಯೇ ಕಾನೂನು ಓದಿ 1905ರಲ್ಲಿ ಪದವೀಧರರಾದರು. ಬಳ್ಳಾರಿಗೆ ಮರಳಿ ವಕೀಲಿ ವೃತ್ತಿ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರು ಮಾಡಿದರು. ಮುಂದೆ ಸರ್ಕಾರಿ ಅಭಿಯೋಜಕರಾಗಿಯೂ ಕೆಲಸ ಮಾಡಿದರು. ವೃತ್ತಿಯಿಂದ ಕೈತುಂಬ ಸಂಪಾದನೆಯಿತ್ತು. ಆ ಕಾರಣದಿಂದಲೇ ನಾಟಕ ಅವರಿಗೆ ಹೊಟ್ಟೆಪಾಡಾಗಲಿಲ್ಲ. ಕೊನೆಯವರೆಗೂ ಅವರು ಹವ್ಯಾಸಿಯಾಗಿಯೇ ಉಳಿದರು. ನಾಟಕಗಳಿಂದ ಬಂದ ಹಣ ಸತ್ಕಾರ್ಯಗಳಿಗೆ ಹೋಗುತ್ತಿತ್ತು.

ಇದು ಸಣ್ಣ ಸಂಗತಿಯಲ್ಲ. ಕಂಪನಿ ನಾಟಕದ ಒಡೆಯನಿಗೆ ಮರುದಿನದ ಟಿಕೆಟ್ ಮಾರಾಟದ ಚಿಂತೆ ಇರುತ್ತಿತ್ತು. ಪ್ರೇಕ್ಷಕ ಕೇಳಿದ್ದನ್ನು ಕೊಡದೆ ಅವನಿಗೆ ಗತಿಯಿಲ್ಲ. ರಾಘವರಿಗೆ ಆ ಹಂಗಿರಲಿಲ್ಲ. ಪ್ರೇಕ್ಷಕನಿಗೆ ರುಚಿಸದಿದ್ದರೂ ತಮಗೆ ಸರಿ ಕಂಡದ್ದನ್ನು ಮಾಡಿ ನೋಡುವ ಸ್ವಾತಂತ್ರ್ಯವನ್ನು ಕರಿಕೋಟು ಅವರಿಗೆ ದೊರಕಿಸಿಕೊಟ್ಟಿತು. ಅವರು ಆ ಸ್ವಾತಂತ್ರ್ಯವನ್ನು ಸಂಪೂರ್ಣವಾಗಿ ಬಳಸಿಕೊಂಡರು.

ಎಳೆಯ ವಯಸ್ಸಿನಲ್ಲೇ ಅವರು ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಸ್ಥಾಪಿಸಿ ಇಂಗ್ಲಿಷ್ ನಾಟಕಗಳನ್ನು ಆಡಿಸಿದರು. ಒಥೆಲೊ, ಶೈಲಾಕ್ ಪಾತ್ರಗಳನ್ನು ಅಭ್ಯಾಸ ಮಾಡಿದವರಿಗೆ ಒಂದು ಮಾತು ಬೇಗ ಮನದಟ್ಟಾಗುತ್ತದೆ. ಪಾತ್ರದ ಒಳಗಿನ ಕುದಿತವನ್ನು ಹಾಡಿ ತೋರಿಸಲು ಬಾರದು, ಆಡಿಯೇ ತೋರಿಸಬೇಕು. ಈ ಪಾಠವನ್ನು ರಾಘವರು ತೆಲುಗು, ಕನ್ನಡ, ಹಿಂದಿ ನಾಟಕಗಳಿಗೂ ತಂದರು.

ಹಾಡು ಬಿಟ್ಟ ನಟ

ಇಪ್ಪತ್ತನೆಯ ಶತಮಾನದ ಆರಂಭದ ರಂಗಭೂಮಿಯನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕು. ಧ್ವನಿವರ್ಧಕವಿಲ್ಲ. ಗ್ಯಾಸ್ ದೀಪಗಳ ಬೆಳಕು. ಪರದೆಯ ಮುಂದೆ ಹಾರ್ಮೋನಿಯಂ, ತಬಲಾ. ನಟನಾದವನಿಗೆ ಮೊದಲ ಅರ್ಹತೆಯೇ ಕಂಠ. ಯುದ್ಧಭೂಮಿಯಲ್ಲಿ ಮಗ ಸತ್ತು ಬಿದ್ದಿದ್ದರೂ ತಂದೆ ರಾಗವನ್ನು ವಿಸ್ತರಿಸಿ ಹಾಡುತ್ತಿದ್ದ. ಜನ ಮೆಚ್ಚಿ ಒನ್ಸ್ ಮೋರ್ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡುವುದುಂಟು ಎಂಬ ತಮಾಷೆ ನಾಟಕಪ್ರಿಯರಲ್ಲಿ ಬಹುಕಾಲ ಉಳಿದಿತ್ತು. ಕನ್ನಡ, ಮರಾಠಿ, ತೆಲುಗು ಮೂರೂ ರಂಗಭೂಮಿಗಳಲ್ಲಿ ಸಂಗೀತ ನಾಟಕದ ಉಚ್ಛ್ರಾಯದ ದಿನಗಳವು. ಮೈಸೂರು ಸೀಮೆಯಲ್ಲಿ ಎ.ವಿ. ವರದಾಚಾರ್ಯರು, ಮಹಾರಾಷ್ಟ್ರದಲ್ಲಿ ಬಾಲಗಂಧರ್ವರು ತಮ್ಮ ಗಾಯನದಿಂದಲೇ ಜನರನ್ನು ಸೆರೆಹಿಡಿದಿದ್ದರು.

ಅಂಥ ಕಾಲದಲ್ಲಿ ರಾಘವರು ಪದ್ಯವನ್ನು ರಾಗವಾಗಿ ಎಳೆಯದೆ ಮಾತಿನಂತೆ ನುಡಿದರು. ಅರ್ಥ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ನಿಲ್ಲಿಸಿದರು. ಮೌನಕ್ಕೂ ಸಂಭಾಷಣೆಯಷ್ಟೇ ಬೆಲೆ ಕೊಟ್ಟರು. ಮುಖ, ಕಣ್ಣು, ನಡಿಗೆ, ಕೈಯ ಸಣ್ಣ ಚಲನೆ ಇವುಗಳಿಂದ ಪಾತ್ರವನ್ನು ಕಟ್ಟಿದರು. ರಾಗಕ್ಕಾಗಿ ಬಂದ ಪ್ರೇಕ್ಷಕನಿಗೆ ಮೊದಲಿಗೆ ಇದು ನಿರಾಸೆ ತಂದಿದ್ದರೆ ಆಶ್ಚರ್ಯವಿಲ್ಲ. ಆದರೆ ನಾಟಕ ಮುಗಿಯುವ ವೇಳೆಗೆ ಅದೇ ಪ್ರೇಕ್ಷಕ ಹಾಡನ್ನು ಮರೆತು ಪಾತ್ರವನ್ನು ನೆನಪಿಟ್ಟುಕೊಂಡು ಹೊರಗೆ ಹೋಗುತ್ತಿದ್ದ.

ಅವರಿಗೆ ಅಪಾರ ಕೀರ್ತಿ ತಂದ ಪಾತ್ರ ಪಠಾಣ ರುಸ್ತುಂ. ವಿಜಯನಗರದ ಪತನವನ್ನು ಕುರಿತು ಕೋಲಾಚಲಂ ಶ್ರೀನಿವಾಸರಾಯರು ಬರೆದ ನಾಟಕದ ಪಾತ್ರವದು. ಹಂಪಿಯ ಹಾಳು ಗೋಪುರಗಳಿಂದ ಕೆಲವೇ ಹರದಾರಿ ದೂರದ ಊರಿನಲ್ಲಿ ಆ ಸಾಮ್ರಾಜ್ಯದ ಅವಸಾನವನ್ನು ರಂಗಕ್ಕೆ ತರುವುದೆಂದರೆ ಪ್ರೇಕ್ಷಕನ ಮನೆಯ ದುಃಖವನ್ನೇ ಅವನ ಮುಂದಿಟ್ಟಂತೆ. ನಾಯಕನ ಪಾತ್ರವಲ್ಲದ ಈ ಪಠಾಣನಿಂದಲೇ ರಾಘವರು ಜನಮನದಲ್ಲಿ ನಿಂತರು. ಹಿರಣ್ಯಕಶಿಪು, ದುರ್ಯೋಧನ, ರಾವಣ, ಚಾಣಕ್ಯ ಮೊದಲಾದ ಪಾತ್ರಗಳಲ್ಲೂ ಅವರು ಖಳನನ್ನು ಗರ್ಜಿಸುವ ಗೊಂಬೆಯಾಗಿಸದೆ ಮನುಷ್ಯನನ್ನಾಗಿ ತೋರಿಸಿದರು.

1919ರಲ್ಲಿ ರವೀಂದ್ರನಾಥ ಠಾಕೂರರು ಬೆಂಗಳೂರಿಗೆ ಬಂದಿದ್ದಾಗ ರಾಘವರ ಅಭಿನಯ ನೋಡಿ ಮೆಚ್ಚಿಕೊಂಡರು. 1927ರಲ್ಲಿ ಮಹಾತ್ಮ ಗಾಂಧೀಜಿ ಅನಾರೋಗ್ಯದ ಕಾರಣ ನಂದಿಬೆಟ್ಟ ಹಾಗೂ ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ದಿನಗಳಲ್ಲಿ ರಾಘವರು ಅವರೆದುರು ‘ದೀನಬಂಧು ಕಬೀರ್’ ಹಿಂದಿ ನಾಟಕವನ್ನು ಆಡಿದರು. ಗಡಿಯಾರ ನೋಡಿ ಬದುಕುತ್ತಿದ್ದ ಗಾಂಧೀಜಿ ಅಂದು ನಾಟಕದಲ್ಲಿ ಮೈಮರೆತು ಕುಳಿತರೆಂಬುದು ರಂಗವಲಯದಲ್ಲಿ ಇಂದಿಗೂ ಹೇಳಿಕೊಂಡು ಬರುವ ಮಾತು. ಮರುವರ್ಷ ರಾಘವರು ಇಂಗ್ಲೆಂಡಿಗೆ ತೆರಳಿ, ಅಲ್ಲಿನ ರಂಗಭೂಮಿಯನ್ನು ಕಂಡು, ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು.

ಹೆಣ್ಣಿನ ಪಾತ್ರಕ್ಕೆ ಹೆಣ್ಣೇ

ರಾಘವರ ಜೀವನದ ಅತ್ಯಂತ ಕಠಿಣ ಹೋರಾಟ ಬೇರೆಯೇ ಇತ್ತು. ಅದು ರಂಗದ ಮೇಲೆ ಸ್ತ್ರೀಯರನ್ನು ತರುವುದು.

ಆಗ ಸ್ತ್ರೀಪಾತ್ರಗಳನ್ನು ಸಾಮಾನ್ಯವಾಗಿ ಪುರುಷರೇ ವಹಿಸುತ್ತಿದ್ದರು. ತೆಲುಗಿನಲ್ಲಿ ಸ್ಥಾನಂ ನರಸಿಂಹರಾಯರು, ಮರಾಠಿಯಲ್ಲಿ ಬಾಲಗಂಧರ್ವರು ಸ್ತ್ರೀವೇಷದಿಂದಲೇ ಮನೆಮಾತಾಗಿದ್ದರು. ಅವರ ಪ್ರತಿಭೆಯನ್ನು ಯಾರೂ ಅಲ್ಲಗಳೆಯಲಾರರು. ಇತ್ತ ಉತ್ತರ ಕರ್ನಾಟಕದ ಕೆಲವು ವೃತ್ತಿ ಕಂಪನಿಗಳಲ್ಲಿ ಹಾಗೂ ತೆಲುಗಿನ ಸುರಭಿ ಮೇಳಗಳಲ್ಲಿ ಸ್ತ್ರೀಯರು ರಂಗವನ್ನೇರಿದ್ದರು. ಆದರೆ ಅವರು ಪರಂಪರೆಯಿಂದ ಹಾಡು, ಕುಣಿತ, ನಾಟಕವನ್ನೇ ನಂಬಿದ ಕುಟುಂಬಗಳವರು. ವಿದ್ಯಾವಂತ ಗೃಹಸ್ಥರ ಮನೆಯ ಹೆಣ್ಣುಮಗಳು ಪರಪುರುಷನೊಡನೆ ದೀಪದ ಬೆಳಕಿಗೆ ಬಂದು ನಿಲ್ಲುವುದೆಂದರೆ ಅಂದಿನ ಸಮಾಜಕ್ಕೆ ಊಹೆಗೂ ನಿಲುಕದ ಮಾತು. ಅಂಥ ಹೆಣ್ಣಿಗೂ, ಅವಳನ್ನು ಕರೆತಂದವನಿಗೂ ಅಪವಾದ ತಪ್ಪುತ್ತಿರಲಿಲ್ಲ.

ಸಂಪ್ರದಾಯಸ್ಥ ಆಚಾರ್ಯ ಮನೆತನದಿಂದ ಬಂದ, ನ್ಯಾಯಾಲಯದಲ್ಲಿ ಗೌರವದ ಸ್ಥಾನವಿದ್ದ ರಾಘವರು ಕಳೆದುಕೊಳ್ಳುವುದಕ್ಕೆ ಬಹಳವಿತ್ತು. ಆದರೂ ಅವರು ಹಿಂಜರಿಯಲಿಲ್ಲ. ಸಹಜ ಅಭಿನಯದ ಅವರ ಸಿದ್ಧಾಂತಕ್ಕೆ ಇದು ತಪ್ಪಿಸಿಕೊಳ್ಳಲಾಗದ ಮುಂದಿನ ಹೆಜ್ಜೆಯಾಗಿತ್ತು. ಗಂಡಸು ಹೆಣ್ಣಿನ ದನಿಯನ್ನು ನಟಿಸುತ್ತಿರುವಾಗ ಎದುರಿನ ಪಾತ್ರ ಎಷ್ಟು ಸಹಜವಾಗಿದ್ದರೇನು? ಕೊಮ್ಮೂರಿ ಪದ್ಮಾವತೀ ದೇವಿ, ಕೊಪ್ಪರಪು ಸರೋಜಿನಿ ಮೊದಲಾದವರಿಗೆ ಅವರು ತರಬೇತಿ ನೀಡಿ ತಮ್ಮೊಂದಿಗೆ ರಂಗಕ್ಕೆ ಕರೆತಂದರು. ಪಾತ್ರದ ಮಾತು ಕಲಿಸುವುದಷ್ಟೇ ಅಲ್ಲ, ಸಭೆಯ ಮುಂದೆ ಅಳುಕದೆ ನಿಲ್ಲುವ ಧೈರ್ಯ ತುಂಬುವುದೂ ಈ ತರಬೇತಿಯ ಭಾಗವಾಗಿತ್ತು.

ಇದೇ ಹೊತ್ತಿಗೆ ಹೊಸ ಬಗೆಯ ನಾಟಕಗಳು ಅವರಿಗೆ ಒದಗಿಬಂದವು. ಮುಂದೆ ಮದರಾಸು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, 1953ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಮೊದಲ ಅಧ್ಯಕ್ಷರಾದ ಪಿ.ವಿ. ರಾಜಮನ್ನಾರ್ ಅವರು ತರುಣ ವಕೀಲರಾಗಿದ್ದಾಗ ‘ತಪ್ಪೆವರಿದಿ’ ಎಂಬ ಸಾಮಾಜಿಕ ನಾಟಕ ಬರೆದರು. ತಪ್ಪು ಯಾರದು ಎಂಬುದು ಆ ಹೆಸರಿನ ಅರ್ಥ. ದೇವತೆಗಳಿಲ್ಲ, ರಾಜರಿಲ್ಲ, ನಡುಮನೆಯ ಗಂಡ ಹೆಂಡಿರ ಪ್ರಶ್ನೆಗಳೇ ವಸ್ತು. ಇಂಥ ನಾಟಕದಲ್ಲಿ ಹೆಂಡತಿಯ ಪಾತ್ರಕ್ಕೆ ಗಂಡಸು ಸೀರೆಯುಟ್ಟು ಬಂದರೆ ನಾಟಕವೇ ನಗೆಪಾಟಲಾಗುತ್ತಿತ್ತು. 1930ರ ಸುಮಾರಿಗೆ ರಾಘವರು ಅದನ್ನು ಸ್ತ್ರೀಯರೊಡನೆ ಆಡಿ ತೋರಿಸಿದರು. ಎರಡು ದಶಕಗಳ ಅವರ ವಾದಕ್ಕೆ ಸಾಕ್ಷ್ಯ ದೊರೆತಂತಾಯಿತು.

ಕ್ಯಾಮೆರಾದ ಮುಂದೆ

ದಕ್ಷಿಣದಲ್ಲಿ ಆಗಷ್ಟೇ ಮಾತಿನ ಚಿತ್ರಗಳ ಯುಗ ಆರಂಭವಾಗಿತ್ತು. ತೆಲುಗಿನಲ್ಲಿ 1932ರಲ್ಲಿ ‘ಭಕ್ತ ಪ್ರಹ್ಲಾದ’, ಕನ್ನಡದಲ್ಲಿ 1934ರಲ್ಲಿ ‘ಸತಿ ಸುಲೋಚನ’ ತೆರೆಕಂಡವು. ನಿರ್ಮಾಪಕರು ನಟರಿಗಾಗಿ ರಂಗಭೂಮಿಯತ್ತಲೇ ನೋಡುತ್ತಿದ್ದರು. ರಾಘವರಿಗೂ ಕರೆ ಬಂತು. 1936ರಲ್ಲಿ ‘ದ್ರೌಪದೀ ಮಾನಸಂರಕ್ಷಣಂ’ ಚಿತ್ರದಲ್ಲಿ ಅವರು ದುರ್ಯೋಧನನಾದರು. ಆಗ ಅವರ ವಯಸ್ಸು ಐವತ್ತಾರು.

ಚಿತ್ರದ ಅದೃಷ್ಟ ಚೆನ್ನಾಗಿರಲಿಲ್ಲ. ಅದೇ ವರ್ಷ ಅದೇ ಕಥೆಯ ‘ದ್ರೌಪದೀ ವಸ್ತ್ರಾಪಹರಣಂ’ ಕೂಡ ತೆರೆಗೆ ಬಂತು. ಜನ ಎರಡನೆಯದನ್ನು ಮೆಚ್ಚಿದರು. ರಂಗಭೂಮಿಯ ಮೇರುನಟನ ಮೊದಲ ಚಿತ್ರ ಸೋತಿತು.

ಸೋಲಿಗೆ ಕಾರಣ ಹಲವಿರಬಹುದು. ಆದರೆ ಒಂದು ವಿಪರ್ಯಾಸವನ್ನು ಗಮನಿಸಬೇಕು. ಸಹಜ ಅಭಿನಯಕ್ಕೆ ಸಿನಿಮಾದಷ್ಟು ಒಪ್ಪುವ ಮಾಧ್ಯಮ ಬೇರೊಂದಿಲ್ಲ. ಕಣ್ಣಂಚಿನ ಕದಲಿಕೆಯನ್ನೂ ಕ್ಯಾಮೆರಾ ಹಿಡಿಯುತ್ತದೆ. ಪಿಸುಮಾತನ್ನೂ ಧ್ವನಿಗ್ರಾಹಕ ಕೇಳಿಸಿಕೊಳ್ಳುತ್ತದೆ. ಕೊನೆಯ ಸಾಲಿನ ಪ್ರೇಕ್ಷಕನಿಗಾಗಿ ಕೂಗಬೇಕಿಲ್ಲ. ರಾಘವರು ಮೂವತ್ತು ವರ್ಷ ರಂಗದ ಮೇಲೆ ಹುಡುಕಿದ್ದು ಇಂಥ ಸೂಕ್ಷ್ಮವನ್ನೇ. ಆದರೆ ಮೂವತ್ತರ ದಶಕದ ದಕ್ಷಿಣದ ಸಿನಿಮಾ ಕಂಪನಿ ನಾಟಕವನ್ನೇ ಎತ್ತಿ ತಂದು ಸ್ಟುಡಿಯೋದಲ್ಲಿ ನಿಲ್ಲಿಸಿತ್ತು. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಬೇರೂರಿರಲಿಲ್ಲ, ನಟನೇ ಹಾಡಬೇಕು. ಚಿತ್ರದ ಜಾಹೀರಾತಿನಲ್ಲಿ ಹಾಡುಗಳ ಸಂಖ್ಯೆಯೇ ಮುಖ್ಯ. ಯಾವ ಸಂಗೀತದ ಪ್ರಾಬಲ್ಯವನ್ನು ರಂಗದಲ್ಲಿ ರಾಘವರು ತಗ್ಗಿಸಿದ್ದರೋ ಅದು ಬೆಳ್ಳಿತೆರೆಯ ಮೇಲೆ ಮತ್ತೆ ಅವರಿಗೆ ಎದುರಾಯಿತು.

ಇನ್ನೊಂದು ವ್ಯತ್ಯಾಸವೂ ಇತ್ತು. ರಂಗದ ಮೇಲೆ ಕಾಲ ನಟನ ಕೈಯಲ್ಲಿರುತ್ತದೆ. ಎಷ್ಟು ಹೊತ್ತು ಮೌನವಾಗಿರಬೇಕು, ಯಾವಾಗ ತಿರುಗಿ ನೋಡಬೇಕು ಎಂಬುದನ್ನು ಅವನೇ ನಿರ್ಧರಿಸುತ್ತಾನೆ. ಮೊದಲ ಅಂಕದಿಂದ ಕೊನೆಯ ಅಂಕದವರೆಗೆ ಪಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸಿನಿಮಾದಲ್ಲಿ ಕೊನೆಯ ದೃಶ್ಯವನ್ನು ಮೊದಲ ದಿನವೇ ಚಿತ್ರಿಸಬಹುದು. ತುಂಡು ತುಂಡಾಗಿ ಹಿಡಿದ ಅಭಿನಯವನ್ನು ಸಂಕಲನಕಾರನು ತನ್ನ ಮೇಜಿನ ಮೇಲೆ ಹರಡಿಕೊಂಡು, ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಅಂಟಿಸಿ ಜೋಡಿಸುತ್ತಾನೆ. ನಟನ ಮೌನ ಎಷ್ಟು ಸೆಕೆಂಡು ಇರಬೇಕೆಂಬುದನ್ನು ಕತ್ತರಿ ತೀರ್ಮಾನಿಸುತ್ತದೆ. ಇಡೀ ಇರುಳು ಪ್ರೇಕ್ಷಕನ ಉಸಿರನ್ನು ಹಿಡಿದಿಡಬಲ್ಲ ನಟನಿಗೆ ಇದು ಹೊಸ ಶಿಸ್ತು.

ರೈತನಾದ ವಕೀಲ

ಮೂರು ವರ್ಷಗಳ ನಂತರ ರಾಘವರಿಗೆ ತಮ್ಮ ಸ್ವಭಾವಕ್ಕೆ ಒಪ್ಪುವ ಚಿತ್ರ ದೊರಕಿತು. ಅಸ್ಪೃಶ್ಯತೆಯ ವಿರುದ್ಧ 1938ರಲ್ಲಿ ‘ಮಾಲಪಿಲ್ಲ’ ಚಿತ್ರ ತೆಗೆದು ಸುದ್ದಿ ಮಾಡಿದ್ದ ನಿರ್ದೇಶಕ ಗೂಡವಲ್ಲಿ ರಾಮಬ್ರಹ್ಮಂ ಅವರು 1939ರಲ್ಲಿ ‘ರೈತು ಬಿಡ್ಡ’ ನಿರ್ಮಿಸಿದರು. ರೈತನ ಮಗ ಎಂಬುದು ಹೆಸರಿನ ಅರ್ಥ. ಪುರಾಣದ ಕಿರೀಟಗಳನ್ನು ಬದಿಗಿಟ್ಟು, ಜಮೀನ್ದಾರ ಮತ್ತು ಸಾಹುಕಾರರ ನಡುವೆ ಸಿಕ್ಕ ರೈತನ ಬವಣೆಯನ್ನು ಹೇಳಿದ ಚಿತ್ರವಿದು. ರಾಘವರದು ಸಾಲದ ಸುಳಿಗೆ ಸಿಕ್ಕ ರೈತನ ಪಾತ್ರ.

ಆ ಹೊತ್ತಿನ ರಾಜಕೀಯವೂ ಹದವಾಗಿ ಕಾದಿತ್ತು. 1937ರ ಚುನಾವಣೆಯಲ್ಲಿ ಮದರಾಸು ಪ್ರಾಂತ್ಯದ ಜಮೀನ್ದಾರರ ಬೆಂಬಲದ ಜಸ್ಟಿಸ್ ಪಕ್ಷ ಸೋತು ಕಾಂಗ್ರೆಸ್ ಸರ್ಕಾರ ಬಂದಿತ್ತು. ಟಂಗುಟೂರಿ ಪ್ರಕಾಶಂ ನೇತೃತ್ವದ ಸಮಿತಿ ಜಮೀನ್ದಾರಿ ರೈತರ ಹಕ್ಕುಗಳನ್ನು ಕುರಿತು 1938ರಲ್ಲಿ ವರದಿ ನೀಡಿತ್ತು. ಹೊಲ ಯಾರದು ಎಂಬ ಪ್ರಶ್ನೆ ಹಳ್ಳಿಹಳ್ಳಿಗಳಲ್ಲಿ ಚರ್ಚೆಯಾಗುತ್ತಿದ್ದಾಗ ಬಂದ ಈ ಚಿತ್ರ ಜಮೀನ್ದಾರರ ಕಣ್ಣು ಕೆಂಪಾಗಿಸಿತು. ಅವರ ವಿರೋಧದಿಂದ ಕೆಲವು ಕಡೆ ಪ್ರದರ್ಶನಕ್ಕೆ ತಡೆ ಬಿತ್ತು. ಚಿತ್ರ ನಿರ್ಮಾಣಕ್ಕೆ ಬೆನ್ನೆಲುಬಾಗಿ ನಿಂತವರು ಸ್ವತಃ ಚಲ್ಲಪಲ್ಲಿಯ ಜಮೀನ್ದಾರರು ಎಂಬುದು ಚರಿತ್ರೆಯ ಚೋದ್ಯ.

ಬಳ್ಳಾರಿಯ ನಟನಿಗೆ ಈ ಪಾತ್ರ ಎಷ್ಟು ಹತ್ತಿರದ್ದು? ದತ್ತ ಮಂಡಲದಲ್ಲಿ ಜಮೀನ್ದಾರಿ ಪದ್ಧತಿ ನೆಲೆಯೂರಿರಲಿಲ್ಲ. ಕಂಪನಿ ಆಡಳಿತದ ಮೊದಲ ವರ್ಷಗಳಲ್ಲೇ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿ ರೈತವಾರಿ ಪದ್ಧತಿಯನ್ನು ತಂದಿದ್ದ. ರೈತ ಸರ್ಕಾರಕ್ಕೇ ನೇರವಾಗಿ ಕಂದಾಯ ಕಟ್ಟುತ್ತಿದ್ದ. ಆದರೆ ಮಳೆ ಕೈಕೊಟ್ಟರೆ ಸಾಹುಕಾರನ ಮನೆಯ ಬಾಗಿಲು ತಟ್ಟುವುದು ಇಲ್ಲಿನ ರೈತನಿಗೂ ತಪ್ಪಿರಲಿಲ್ಲ. ಸಿರುಗುಪ್ಪದ ನದಿಯಂಚಿನ ಹೊಲಗಳಿಗೆ ವಿಜಯನಗರದ ಕಾಲದ ಕಾಲುವೆಗಳ ನೀರಿನ ಆಸರೆಯಿತ್ತು. ಕುರುಗೋಡಿನತ್ತಲ ಎರೆಭೂಮಿಯಲ್ಲಿ ಜೋಳವೂ ಹತ್ತಿಯೂ ಮಳೆಯನ್ನೇ ನಂಬಿ ನಿಂತಿದ್ದವು. ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದೇ 1945ರಲ್ಲಿ, ರಾಘವರು ತೀರಿಕೊಳ್ಳುವ ಹಿಂದಿನ ವರ್ಷ. ಅಲ್ಲಿಯವರೆಗೂ ಬರ ಈ ಸೀಮೆಯ ಕಾಯಂ ಅತಿಥಿ. ಹೊಲದ ಬದುವಿನ ಜಗಳ, ಸಾಲದ ವ್ಯಾಜ್ಯ, ಹೊಡೆದಾಟದ ಮೊಕದ್ದಮೆ ಏನಿದ್ದರೂ ಆ ರೈತರು ಜಿಲ್ಲಾ ನ್ಯಾಯಾಲಯಕ್ಕೆಂದು ಬರುತ್ತಿದ್ದುದು ಬಳ್ಳಾರಿಗೇ. ಮೂರು ದಶಕ ಆ ನ್ಯಾಯಾಲಯದ ಅಂಗಳದಲ್ಲಿ ಕಳೆದ ವಕೀಲನಿಗೆ ರೈತನ ಮುಖ ಅಪರಿಚಿತವಾಗಿರಲು ಸಾಧ್ಯವಿಲ್ಲ.

1940ರಲ್ಲಿ ಬಂದ ‘ಚಂಡಿಕ’ದಲ್ಲಿ ರಾಘವರು ಕಣ್ಣಾಂಬ ಅವರೊಡನೆ ನಟಿಸಿದರು. ಆರ್.ಎಸ್. ಪ್ರಕಾಶ್ ಅದರ ನಿರ್ದೇಶಕರು. ನಾಲ್ಕು ದಶಕಗಳ ರಂಗಜೀವನದ ಪಕ್ಕದಲ್ಲಿ ಅವರ ಸಿನಿಮಾ ಬದುಕು ಒಂದು ಸಣ್ಣ ಅಧ್ಯಾಯ ಮಾತ್ರ.

ಎರಡು ಭಾಷೆಗಳ ಆಸ್ತಿ

ರಾಘವರು ತೀರಿಕೊಂಡ ಏಳು ವರ್ಷಗಳ ಬಳಿಕ ಬಳ್ಳಾರಿಯ ಭೂಪಟವೇ ಬದಲಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಬಳ್ಳಾರಿ, ಸಿರುಗುಪ್ಪ ಮೊದಲಾದವು ಮೈಸೂರು ರಾಜ್ಯಕ್ಕೆ ಬಂದವು. ಆಗ ಬಳ್ಳಾರಿ ತಾಲ್ಲೂಕಿನಲ್ಲಿದ್ದ ಕುರುಗೋಡು ಕೂಡ ಇತ್ತಲೇ ಉಳಿಯಿತು. ಬಳ್ಳಾರಿ ನಗರ ಯಾರಿಗೆ ಸೇರಬೇಕೆಂಬ ವಾದ ಅಂದು ಎಷ್ಟು ತೀವ್ರವಾಗಿತ್ತು ಎಂಬುದನ್ನು ಹಿರಿಯರು ಮರೆತಿಲ್ಲ.

ಗಡಿಗೆರೆಯ ಪರಿಣಾಮ ನೆನಪಿನ ಮೇಲೂ ಆಯಿತು. ಆಂಧ್ರದವರಿಗೆ ರಾಘವರು ತಮ್ಮ ರಂಗಭೂಮಿಯ ಶಿಖರ. ಅವರ ಹೆಸರಿನ ಪುರಸ್ಕಾರಗಳು ಅಲ್ಲಿವೆ. ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಮಾತ್ರ ಅವರಿಗೆ ಅನೇಕ ಕಡೆ ದೊರೆಯುವುದು ಒಂದೆರಡು ಸಾಲು. ಅವರು ಹೆಚ್ಚು ಆಡಿದ್ದು ತೆಲುಗಿನಲ್ಲಿ ಎಂಬುದು ನಿಜ. ಆದರೆ ಅವರ ಊರು ಇದು. ಅವರ ವೃತ್ತಿ ಇಲ್ಲಿಯದು. ಕನ್ನಡ ರಂಗಕ್ಕೂ ಅವರು ಹೊರಗಿನವರಾಗಿರಲಿಲ್ಲ. ಅವರು ಎತ್ತಿದ ಪ್ರಶ್ನೆಗಳು ಕನ್ನಡ ನಾಟಕಕ್ಕೂ ಅಷ್ಟೇ ಅನ್ವಯಿಸುತ್ತಿದ್ದವು. ಎರಡು ರಾಜ್ಯಗಳು ನೀರಿಗಾಗಿ, ಗಡಿಗಾಗಿ ವಾದಿಸಬಹುದು. ಒಬ್ಬ ನಟನನ್ನು ಎರಡು ಭಾಷೆಗಳು ಹಂಚಿಕೊಂಡರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ.

ಭಾರತ ಸರ್ಕಾರ 1981ರಲ್ಲಿ ರಾಘವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಬಳ್ಳಾರಿಯಲ್ಲಿ ರಾಘವ ಕಲಾಮಂದಿರ ತಲೆಯೆತ್ತಿತು. ನಗರದ ಮತ್ತೊಂದು ರಂಗಮಂದಿರಕ್ಕೆ ಈ ಸೀಮೆಯವರೇ ಆದ ಗಮಕಿ, ನಾಟಕಕಾರ ಜೋಳದರಾಶಿ ದೊಡ್ಡನಗೌಡರ ಹೆಸರಿದೆ. ಹೀಗೆ ಎರಡು ಹೆಸರುಗಳ ಅಡಿಯಲ್ಲಿ ಎರಡು ಭಾಷೆಗಳ ನೆನಪು ಒಂದೇ ಊರಿನಲ್ಲಿ ನಿಂತಿದೆ.

ಉಳಿದದ್ದೇನು?

ನಟನ ಕಲೆ ಅವನೊಡನೆಯೇ ಹೋಗುತ್ತದೆ ಎಂಬ ಮಾತಿದೆ. ಕವಿಯ ಪುಸ್ತಕ ಉಳಿಯುತ್ತದೆ. ಶಿಲ್ಪಿಯ ಕಲ್ಲು ಉಳಿಯುತ್ತದೆ. ರಂಗನಟ ಪರದೆ ಬಿದ್ದ ಕ್ಷಣದಲ್ಲೇ ನೆನಪಾಗುತ್ತಾನೆ. ರಾಘವರ ಪಠಾಣ ರುಸ್ತುಂನನ್ನು ಇಂದು ಯಾರೂ ನೋಡಲಾರರು. ಸಿನಿಮಾದಲ್ಲಿ ಅವರು ಕಾಣಿಸಿಕೊಂಡದ್ದು ಬದುಕಿನ ಸಂಜೆಯಲ್ಲಿ, ಬೆರಳೆಣಿಕೆಯ ಚಿತ್ರಗಳಲ್ಲಿ ಮಾತ್ರ. ಆ ಚಿತ್ರಗಳಿಂದ ಅವರ ಪ್ರತಿಭೆಯನ್ನು ಅಳೆಯುವುದು ಬೇಸಿಗೆಯ ತುಂಗಭದ್ರೆಯನ್ನು ನೋಡಿ ಮಳೆಗಾಲದ ಹೊಳೆಯನ್ನು ಊಹಿಸಿದಂತೆ.

ಆದರೂ ಅವರು ಬಿಟ್ಟುಹೋದದ್ದು ಶೂನ್ಯವಲ್ಲ. ಇದೇ ಬಳ್ಳಾರಿ ನೆಲದಿಂದ ಬಂದ ಸುಭದ್ರಮ್ಮ ಮನ್ಸೂರು ಪೌರಾಣಿಕ ನಾಟಕಗಳ ಮೇರುನಟಿಯಾಗಿ ದಶಕಗಳ ಕಾಲ ರಂಗವನ್ನಾಳಿ 2020ರಲ್ಲಿ ಕಣ್ಮುಚ್ಚಿದರು. ಹಿಂದೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ, 2021ರಿಂದ ವಿಜಯನಗರ ಜಿಲ್ಲೆಯಲ್ಲಿರುವ ಮರಿಯಮ್ಮನಹಳ್ಳಿ ನಟಿಯರ ಊರೆಂದೇ ನಾಡಿನಲ್ಲಿ ಹೆಸರಾಗಿದೆ. ಇವರೆಲ್ಲ ರಾಘವರ ಶಿಷ್ಯರಲ್ಲ. ತಮ್ಮದೇ ಕಷ್ಟದ ಹಾದಿಯಲ್ಲಿ ಬಂದವರು. ಆದರೆ ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬೇಕೆಂದು ಅವಮಾನದ ಭಯವಿಲ್ಲದೆ ವಾದಿಸಿದ ವಕೀಲನೊಬ್ಬ ಇದೇ ಊರಿನಲ್ಲಿ ಇದ್ದನೆಂಬುದನ್ನು ನೆನೆದಾಗ, ಆ ಮೊಕದ್ದಮೆಯ ತೀರ್ಪು ಯಾರ ಪರವಾಗಿ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಇಂದು ಕಿರುತೆರೆಯ ಧಾರಾವಾಹಿಯಲ್ಲಾಗಲಿ, ಸಿನಿಮಾದಲ್ಲಾಗಲಿ ನಟ ಮೆಲುದನಿಯಲ್ಲಿ ಮಾತನಾಡಿದರೆ, ಅಳುವ ಬದಲು ಸುಮ್ಮನಿದ್ದರೆ, ನಾವು ಅದನ್ನು ಒಳ್ಳೆಯ ಅಭಿನಯವೆನ್ನುತ್ತೇವೆ. ನೂರು ವರ್ಷಗಳ ಹಿಂದೆ ಆ ಮಾತನ್ನು ಹೇಳುವುದಕ್ಕೆ ಧೈರ್ಯ ಬೇಕಿತ್ತು. ಚಪ್ಪಾಳೆಯನ್ನು ಕೈಯಾರೆ ದೂರವಿಡುವ ಧೈರ್ಯವದು. ಬಳ್ಳಾರಿಗೆ ಬಂದವರು ಕೋಟೆ ಗುಡ್ಡವನ್ನು ನೋಡಿ ಹಿಂದಿರುಗುವ ಮುನ್ನ ರಾಘವ ಕಲಾಮಂದಿರದ ಮುಂದೆ ಒಂದು ಗಳಿಗೆ ನಿಂತರೆ, ಆ ಧೈರ್ಯಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಿದಂತಾಗುತ್ತದೆ. ಒಳಗೆ ನಾಟಕ ನಡೆಯುತ್ತಿದ್ದರಂತೂ ಟಿಕೆಟ್ ಪಡೆದು ಕುಳಿತು ನೋಡುವುದೇ ರಾಘವರಿಗೆ ಸಲ್ಲಿಸುವ ನಿಜವಾದ ನಮನ.